ಮೆಣಸಿನಕಾಯಿ ಚೀಲದ ಮೇಲಿನ ಹೆಸರು

ಎಪ್ಪತ್ತಾರನೇ ವಯಸ್ಸಿನಲ್ಲಿ ಅತ್ತೆ ಒಕ್ಬುನ್‌ಗೆ ಹೋಂವರ್ಕ್ ಬಂದಾಗ ಮನೆಯವರೆಲ್ಲ ನಕ್ಕರು. ಸೊಸೆ ಹ್ವಾಸುನ್ ಕೂಡ ನಕ್ಕಳು. ಆದರೆ ಆ ನಗು ಅವಳಿಗೆ ಬಹಳ ದಿನ ಉಳಿಯಲಿಲ್ಲ.

ಆಗಸ್ಟ್ ಮುಗಿಯುತ್ತಿತ್ತು. ತೊಂಗ್ಯೊಂಗ್ ಬಂದರಿನ ಹಿಂದಿನ ಗುಡ್ಡದ ಮೇಲಿದ್ದ ಆ ಚಿಕ್ಕ ಮನೆಯಲ್ಲಿ ನಾಲ್ಕು ಜನ ಊಟಕ್ಕೆ ಕೂತಿದ್ದರು. ಅನ್ನ, ಸೋಯಾ ಸಾರು, ಕಿಮ್ಚಿ ಎಂಬ ಮೂಲಂಗಿ ಉಪ್ಪಿನಕಾಯಿ, ಹುರಿದ ಪುಡಿಮೀನು. ಅತ್ತೆ ಚಮಚ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು.

"ಟೀಚರಮ್ಮ ಬರ್ಕೊಂಡು ಬನ್ನಿ ಅಂದಿದಾರೆ. ನಾನು ನಾನಾಗೋಕೆ ಕಾರಣವಾದ ಒಂದು ಅನುಭವ. ಅಕ್ಷರ ದಿನಾಚರಣೆ ದಿವಸ ಎಲ್ಲರ ಮುಂದೆ ಓದಬೇಕಂತೆ."

"ನೀನು ನೀನಾಗೋಕೆ ಬೇರೆ ಕಾರಣ ಬೇಕಾ ಅಮ್ಮ? ಅಪ್ಪನ ಕುಡಿತ ಸಾಲದಾ?" ಎಂದ ಮಗ ದೊಕ್ಸು. ಅವನು ಮೀನಿನ ದೋಣಿಯಲ್ಲಿ ದುಡಿಯುವವನು, ಊಟದ ಹೊತ್ತಿಗೆ ಅರ್ಧ ನಿದ್ದೆಯಲ್ಲಿರುತ್ತಿದ್ದ.

ಮೊಮ್ಮಗಳು ಬೋರಾಮ್ ಮಾತ್ರ ಕುಣಿದಳು. "ಅಜ್ಜಿ, ನಂಗೂ ಅದೇ ಪ್ರಶ್ನೆ! ಯೂನಿವರ್ಸಿಟಿ ಅರ್ಜೀಲಿ ಇದನ್ನೇ ಕೇಳಿದಾರೆ. ನಿನಗೆ ಆದ ಒಂದು ಅನುಭವ ಹೇಳು, ಅದರಿಂದ ನೀನು ಏನಾದೆ ಹೇಳು ಅಂತ. ಇಬ್ರೂ ಒಟ್ಟಿಗೇ ಬರೆಯೋಣ."

ಅವತ್ತಿನಿಂದ ಊಟ ಮುಗಿಯುವುದೇ ತಡ, ಮೇಜು ಅಜ್ಜಿ ಮೊಮ್ಮಗಳ ಪಾಲಾಯಿತು. ಹ್ವಾಸುನ್ ಬಟ್ಟಲು ತೊಳೆಯುತ್ತ ಬೆನ್ನ ಹಿಂದೆ ಅವರ ಗುಸುಗುಸು ಕೇಳಿಸಿಕೊಳ್ಳುತ್ತಿದ್ದಳು. ಪೆನ್ಸಿಲ್ ಮೊನೆ ಮುರಿದ ಸದ್ದು, ಅಳಿಸುವ ಸದ್ದು, ಮಧ್ಯೆ ಮಧ್ಯೆ ಇಬ್ಬರದೂ ನಗು. ತಟ್ಟೆಯ ಸದ್ದು ಸ್ವಲ್ಪ ಜೋರಾದರೆ "ಅಮ್ಮಾ, ಮೆತ್ತಗೆ!" ಎಂದು ಮಗಳು ಗದರುತ್ತಿದ್ದಳು.

ಅತ್ತೆಗೆ ಓದಲು ಬರುವುದಿಲ್ಲ ಎಂಬುದು ಹ್ವಾಸುನ್‌ಗೆ ಗೊತ್ತಾದದ್ದು ಮದುವೆಯಾಗಿ ಬಂದ ಹೊಸದರಲ್ಲಿ. ಯಾವುದೋ ಆಮಂತ್ರಣ ಪತ್ರ ಬಂದಿತ್ತು. "ಕನ್ನಡಕ ಎಲ್ಲಿಟ್ಟೆನೋ ಕಾಣೆ, ಒಂಚೂರು ಓದಮ್ಮ" ಎಂದು ಅತ್ತೆ ಕೊಟ್ಟಿದ್ದರು. ಕನ್ನಡಕ ಅವರ ತಲೆಯ ಮೇಲೇ ಇತ್ತು. ಹ್ವಾಸುನ್ ಏನೂ ಹೇಳದೆ ಓದಿದಳು. ಅಲ್ಲಿಂದ ಇಲ್ಲಿಯವರೆಗೂ ಓದುತ್ತಲೇ ಇದ್ದಳು. ಔಷಧಿ ಪೊಟ್ಟಣ, ಬಸ್ಸಿನ ಬೋರ್ಡು, ಕರೆಂಟಿನ ಚೀಟಿ, ಓಟು ಕೇಳುವವರ ಕರಪತ್ರ, ಟೀವಿ ಧಾರಾವಾಹಿಯ ಕೆಳಗೆ ಓಡುವ ಸಾಲು. ನೆರೆಯವರ ಮುಂದೆ, ಬ್ಯಾಂಕಿನವರ ಮುಂದೆ, "ಅತ್ತೆ ಕನ್ನಡಕ ಮನೇಲಿ ಬಿಟ್ಟು ಬಂದಿದಾರೆ" ಎನ್ನುವುದು ಅವಳಿಗೆ ಬಾಯಿಪಾಠವಾಗಿತ್ತು. ಮಾತಿನಲ್ಲಿ ಎಷ್ಟೇ ಜಗಳವಾಡಲಿ, ಈ ಒಂದು ವಿಷಯವನ್ನು ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ. ಇದು ನಮ್ಮಿಬ್ಬರದೇ ಗುಟ್ಟು ಎಂದು ಹ್ವಾಸುನ್ ಒಳಗೊಳಗೇ ಜೋಪಾನ ಮಾಡಿಕೊಂಡು ಬಂದಿದ್ದಳು. ಹೋದ ವರ್ಷ ಅತ್ತೆ ಯಾರನ್ನೂ ಕೇಳದೆ ತಾವೇ ಹೋಗಿ ವೃದ್ಧರ ಅಕ್ಷರ ಶಾಲೆಗೆ ಹೆಸರು ಬರೆಸಿ ಬಂದಾಗಲೇ ಅವಳಿಗೆ ಸಣ್ಣಗೆ ಕಸಿವಿಸಿಯಾಗಿತ್ತು.

ಬೋರಾಮ್‌ಗೆ ಬರೆಯಲು ಏನೂ ಹೊಳೆಯುತ್ತಿರಲಿಲ್ಲ.

"ನನ್ನ ಜೀವನದಲ್ಲಿ ಏನೂ ಆಗೇ ಇಲ್ಲ," ಎಂದು ಒಂದು ಸಂಜೆ ತಲೆ ಕೆರೆದುಕೊಂಡಳು. "ಫ್ರೆಂಡ್ ಸೂಜಿನ್‌ನ ನೋಡು, ಅವರಪ್ಪ ಅಮ್ಮ ಬೇರೆಯಾದ್ರು, ಅವಳು ಎರಡು ಪುಟ ಬರ್ದಿದಾಳೆ. ನೀನ್ಯಾಕಮ್ಮ ನನ್ನ ಇಷ್ಟು ನೆಟ್ಟಗೆ ಸಾಕಿದೆ? ಒಂದಾದ್ರೂ ಕಷ್ಟ ಕೊಡಬಾರದಿತ್ತಾ?"

"ನಾಳೆಯಿಂದ ಊಟ ಹಾಕಲ್ಲ. ಬರ್ಕೋ."

"ತಮಾಷೆ ಅಲ್ಲಮ್ಮ. ನಾನು ಅಜ್ಜಿ ಬಗ್ಗೆ ಬರೀತೀನಿ. ಈ ವಯಸ್ಸಲ್ಲಿ ಅಕ್ಷರ ಕಲಿಯೋದನ್ನ ನೋಡಿ ನಾನು ಛಲ ಕಲಿತೆ ಅಂತ."

ಹ್ವಾಸುನ್ ಕೈ ಒರೆಸಿಕೊಂಡಳು. ಕೇಳಬಾರದು ಎಂದುಕೊಂಡೇ ಕೇಳಿದಳು. "ನನ್ನಿಂದ ಏನೂ ಕಲೀಲಿಲ್ವಾ?"

ಬೋರಾಮ್ ನಿಜವಾಗಿಯೂ ಯೋಚಿಸಿದಳು. ಅದೇ ಹ್ವಾಸುನ್‌ಗೆ ಹೆಚ್ಚು ನೋವಾದದ್ದು. "ನಿನ್ನ ಬಗ್ಗೆ ಏನು ಬರೀಲಿ? ಬೆಳಿಗ್ಗೆ ಎದ್ದು ಒಣಮೀನಿನ ಶೆಡ್‌ಗೆ ಹೋಗ್ತೀಯ, ಬಂದು ಅನ್ನ ಮಾಡ್ತೀಯ. ಅಮ್ಮನ ತ್ಯಾಗದ ಬಗ್ಗೆ ಎಲ್ಲರೂ ಬರೀತಾರಂತೆ, ಬೇಡ ಅಂದಿದಾರೆ ಸ್ಕೂಲಲ್ಲಿ."

ಮಗಳು ಬರೆಯದಿದ್ದರೆ ಬೇಡ, ಅದಕ್ಕಿನ್ನೂ ಹುಡುಗುಬುದ್ಧಿ ಎಂದು ಹ್ವಾಸುನ್ ಸಮಾಧಾನ ಮಾಡಿಕೊಂಡಳು. ಅತ್ತೆ ಇದ್ದಾರಲ್ಲ. ಅತ್ತೆ ತಾವು ತಾವಾದದ್ದನ್ನು ಬರೆಯಬೇಕಾದರೆ, ಇಷ್ಟು ವರ್ಷ ಪಕ್ಕದಲ್ಲಿ ಕೂತು ಓದಿ ಹೇಳಿದವಳನ್ನು ಬಿಟ್ಟು ಹೇಗೆ ಬರೆಯುತ್ತಾರೆ? ಅವರ ಬಾಯಿಂದ ಸೊಸೆಯ ಹೊಗಳಿಕೆ ಎಂದೂ ಬಂದದ್ದಿಲ್ಲ. ಬಾಯಲ್ಲಿ ಬಾರದ್ದು ಕೈಯಲ್ಲಾದರೂ ಬಂದೀತು. ಶೆಡ್ಡಿನಲ್ಲಿ ಮೀನನ್ನು ಸಣ್ಣದು ದೊಡ್ಡದು ಎಂದು ಆರಿಸುತ್ತ ಅವಳು ಇದನ್ನೇ ನೆನೆದು ಒಬ್ಬಳೇ ಮುಗುಳ್ನಗುತ್ತಿದ್ದಳು. ಅತ್ತೆ ಓದುವ ದಿನ ಯಾವ ಉಡುಪು ಹಾಕಿಕೊಳ್ಳುವುದು ಎಂದು ಕೂಡ ಯೋಚಿಸಿಟ್ಟಿದ್ದಳು.

ಸುದ್ದಿ ಒಡೆದದ್ದು ಬೋರಾಮ್.

"ಅಮ್ಮಾ, ಅಜ್ಜಿ ಯಾರ ಬಗ್ಗೆ ಬರೀತಿದಾರೆ ಹೇಳು ನೋಡೋಣ? ದೊಡ್ಡಮ್ಮನ ಬಗ್ಗೆ!"

ಹ್ವಾಸುನ್ ಕೈಯಲ್ಲಿದ್ದ ಮೂಲಂಗಿ ಹಾಗೇ ನಿಂತಿತು. ದೊಡ್ಡಮ್ಮ ಎಂದರೆ ಅವಳ ವಾರಗಿತ್ತಿ, ಹಿರಿಸೊಸೆ ಇನ್ಸಿಲ್. ಬುಸಾನಿನಲ್ಲಿ ಪರದೆ ಬಟ್ಟೆಯ ಅಂಗಡಿ ಇಟ್ಟುಕೊಂಡವಳು. ವರ್ಷಕ್ಕೆ ಎರಡು ಹಬ್ಬಕ್ಕೆ ಕಾರಿನಲ್ಲಿ ಬಂದು, ಕೂತು, ಉಂಡು, ಹೋಗುವವಳು.

"ದೊಡ್ಡಮ್ಮ ಹೊಸ ಮದುಮಗಳಾಗಿ ಬಂದಿದ್ದಾಗ ಅಂತೆ," ಬೋರಾಮ್ ಉತ್ಸಾಹದಲ್ಲಿ ಹೇಳುತ್ತಲೇ ಇದ್ದಳು, "ಅಂಗಳದಲ್ಲಿ ಒಣಗಿಸಿದ ಮೆಣಸಿನಕಾಯಿ ಮೂಟೆ ಕಟ್ಟಿ ಮಿಲ್ಲಿಗೆ ಕಳಿಸ್ಬೇಕಿತ್ತಂತೆ. ದೊಡ್ಡಮ್ಮ ಚೀಲದ ಮೇಲೆ ಏನೋ ಬರೆದು, ಅತ್ತೆ, ಇದು ನಿಮ್ಮ ಹೆಸರು ಅಂದ್ರಂತೆ. ಅಜ್ಜಿ ತನ್ನ ಹೆಸರನ್ನ ನೋಡಿದ್ದೇ ಆವತ್ತು ಮೊದಲು. ಆಮೇಲೆ ಕದ್ದು ಕದ್ದು ಹಿಟ್ಟಿನ ಮೇಲೆ, ಒಲೆ ಬೂದಿ ಮೇಲೆ ಅದನ್ನೇ ತೀಡ್ತಿದ್ರಂತೆ. ಎಷ್ಟು ಚೆನ್ನಾಗಿದೆ ಅಲ್ವಾ?"

"ಚೆನ್ನಾಗಿದೆ," ಎಂದಳು ಹ್ವಾಸುನ್.

ಅಂದರೆ ಇನ್ಸಿಲ್‌ಗೆ ಗೊತ್ತಿತ್ತು. ತಾನು ಈ ಮನೆಗೆ ಕಾಲಿಡುವ ಮೊದಲೇ ಅವಳಿಗೆ ಗೊತ್ತಿತ್ತು. ತಾನು ಕಣ್ಣೊಳಗಿಟ್ಟು ಕಾದ ಗುಟ್ಟು ಎಂಜಲು ಗುಟ್ಟು. ಆ ದಿನ ಮಾಡಿದ ಕಿಮ್ಚಿಗೆ ಉಪ್ಪು ಎರಡು ಪಟ್ಟು ಬಿದ್ದಿತ್ತು. ಯಾರಿಗೂ ತಿನ್ನಲಾಗಲಿಲ್ಲ.

ಮರುದಿನ ಅತ್ತೆ ಎಂದಿನಂತೆ ಒಂದಕ್ಕೊಂದು ಅಂಟಿದ ಔಷಧಿಯ ಪೊಟ್ಟಣಗಳ ಸರವನ್ನು ಅವಳ ಮುಂದೆ ಹಿಡಿದರು. ರಕ್ತದೊತ್ತಡದ್ದು ಬೆಳಿಗ್ಗೆ, ಮಂಡಿ ನೋವಿಗೂ ನಿದ್ದೆಗೂ ಕೊಟ್ಟದ್ದು ಸಂಜೆ. ಡಾಕ್ಟರು ಹೊಸದಾಗಿ ಬದಲಾಯಿಸಿದ್ದರು.

"ಇದ್ರಲ್ಲಿ ಬೆಳಿಗ್ಗೇದು ಯಾವುದು ನೋಡು ಬೋರಾಮ್ ಅಮ್ಮಾ."

"ಬರ್ದಿದೆಯಲ್ಲ ಅತ್ತೆ. ಓದ್ಕೊಳ್ಳಿ."

"ಅಕ್ಷರ ಇಷ್ಟಿಷ್ಟೇ ಇದೆ."

"ನನ್ನ ಕಣ್ಣಿಗೂ ಅಷ್ಟಷ್ಟೇ ಕಾಣೋದು. ಕತೆ ಬರೆಯೋರಿಗೆ ಪೊಟ್ಟಣ ಓದೋದು ಕಷ್ಟವಾ?" ಎಂದು ಸರವನ್ನು ಮೇಜಿನ ಮೇಲೆ ಎಸೆದು ಬೂಟು ಮೆಟ್ಟಿಕೊಂಡು ಕೆಲಸಕ್ಕೆ ಹೊರಟುಹೋದಳು.

ಮಧ್ಯಾಹ್ನಕ್ಕೆ ಮುಂಚೆ ಶೆಡ್ಡಿಗೆ ಫೋನು ಬಂತು. ಅತ್ತೆ ಶಾಲೆಯಲ್ಲಿ ಬೆಂಚಿನ ಮೇಲೆ ಒರಗಿಬಿಟ್ಟಿದ್ದರು. ಸಂಜೆಯ ಮಾತ್ರೆಯನ್ನು ಬೆಳಿಗ್ಗೆ ನುಂಗಿದ್ದರು. ಹ್ವಾಸುನ್ ಮೀನಿನ ವಾಸನೆಯ ಏಪ್ರನ್ನಿನಲ್ಲೇ ಓಡಿದಳು. ಅಷ್ಟು ಹೊತ್ತಿಗೆ ಅತ್ತೆ ಎದ್ದು ಕೂತು ಸಕ್ಕರೆ ನೀರು ಕುಡಿಯುತ್ತಿದ್ದರು. ಟೀಚರಮ್ಮ ಗಾಬರಿಯಲ್ಲಿ, "ಯಾರೂ ಓದಿ ಹೇಳಲ್ವಾ ಮನೇಲಿ?" ಎಂದು ಕೇಳಿದಳು.

"ನಂದೇ ತಪ್ಪು," ಎಂದರು ಅತ್ತೆ. "ಸೊಸೆ ಹೇಳಿದ್ಲು. ನಾನೇ ಮರೆತೆ."

ಬೈದಿದ್ದರೆ ಹ್ವಾಸುನ್‌ಗೆ ಇಷ್ಟು ಉರಿಯುತ್ತಿರಲಿಲ್ಲ.

ಸಂಜೆ ದೊಕ್ಸು ಕೂಗಾಡಿದ. "ಏನಾಗಿದೆ ನಿಂಗೆ? ಒಂದು ಪೊಟ್ಟಣ ನೋಡಿ ಹೇಳಿದ್ರೆ ನಾಲಿಗೆ ಸವೆಯುತ್ತಾ?"

"ಸವೆದೇ ಹೋಗಿದೆ ಬೋರಾಮ್ ಅಪ್ಪಾ. ಇಷ್ಟು ವರ್ಷ ಸವೆದಿದೆ. ನಿಮಗೆ ಯಾರಿಗಾದ್ರೂ ಕಂಡಿದೆಯಾ?"

ಯಾಕೆ ಎಂದು ಅವನಿಗೆ ತಿಳಿಯಲಿಲ್ಲ. ಅವಳೂ ಹೇಳಲಿಲ್ಲ. ಅತ್ತೆಯ ಮಾತ್ರೆಗಳನ್ನು ಮಾತ್ರ ಅವತ್ತಿನಿಂದ ತಾನೇ ಬೇರೆ ಬೇರೆ ಡಬ್ಬಿಗೆ ಹಾಕಿಟ್ಟಳು. ಮಾತಿಲ್ಲ, ಕತೆಯಿಲ್ಲ.

ಅಷ್ಟರಲ್ಲಿ ಸುಗ್ಗಿಯ ಚುಸೊಕ್ ಹಬ್ಬ ಬಂತು. ಹಿರಿಯರಿಗೆ ಎಡೆ ಇಡಲು ಹ್ವಾಸುನ್ ಎರಡು ದಿನ ನಿಂತೇ ಇದ್ದಳು. ಮೀನು ಬೇಯಿಸಿ, ಸೊಪ್ಪು ಹುರಿದು, ಅಕ್ಕಿಹಿಟ್ಟಿನ ಕಡುಬು ತಟ್ಟಿ, ಬಾಣಲೆ ತುಂಬ ಹಿಟ್ಟು ಅದ್ದಿದ ಹೋಳುಗಳನ್ನು ಕರಿದಳು. ಹಬ್ಬದ ದಿನ ಇನ್ಸಿಲ್ ಬಂದಳು. ಜತೆಗೆ ಗೋಮಾಂಸದ ಪೆಟ್ಟಿಗೆ, ತಲೆಯಷ್ಟು ದೊಡ್ಡ ಪಿಯರ್ ಹಣ್ಣುಗಳು, ಬಾಗಿಲಿನಿಂದಲೇ ಶುರುವಾಗುವ ದೊಡ್ಡ ಗಂಟಲು.

"ಅಯ್ಯಯ್ಯೋ ಹ್ವಾಸುನ್, ಎಲ್ಲಾ ಮುಗಿಸೇ ಬಿಟ್ಟಿದೀಯ! ನಂಗೂ ಒಂದು ಕೆಲ್ಸ ಉಳಿಸಬಾರದಾ?"

"ತಿನ್ನೋ ಕೆಲ್ಸ ಉಳಿದಿದೆ ಅಕ್ಕ," ಎಂದಳು ಹ್ವಾಸುನ್. ಇನ್ಸಿಲ್ ಗಹಗಹಿಸಿ ನಕ್ಕಳು. ಅವಳಿಗೆ ಚುಚ್ಚಿದರೂ ತಾಗದು.

ಊಟಕ್ಕೆ ಕೂತಾಗ ಅತ್ತೆ ಹಿರಿಸೊಸೆಯ ಪಕ್ಕ ಕೂತರು. ಅವಳ ಬಟ್ಟಲಿಗೆ ಮೀನಿನ ಹೊಟ್ಟೆಯ ಭಾಗವನ್ನು ಮುಳ್ಳು ಬಿಡಿಸಿ ಹಾಕಿದರು. "ಅಕ್ಷರ ದಿನಾಚರಣೆಗೆ ನೀನು ಬರಲೇಬೇಕು," ಎಂದರು ನಾಚಿಕೊಂಡು. "ಯಾಕೆ ಅಂತ ಈಗ ಕೇಳ್ಬೇಡ."

"ಅಂಗಡಿ ಮುಚ್ಚಿ ಬರ್ತೀನಿ ಅತ್ತೆ, ಬಿಡಿ."

ಅಡುಗೆಮನೆಯಿಂದ ಕರಕಲು ವಾಸನೆ ಬಂತು. ಎರಡನೇ ಸಲಕ್ಕೆ ಕರಿಯಲು ಬಿಟ್ಟ ಹೋಳುಗಳು ಕಪ್ಪಾಗಿದ್ದವು. ಹ್ವಾಸುನ್ ಒಲೆಯ ಮುಂದೆಯೇ ನಿಂತಿದ್ದಳು, ಸುಮ್ಮನೆ ನೋಡುತ್ತ.

ಇನ್ಸಿಲ್ ಕಾರು ಇಳಿಜಾರಿನಲ್ಲಿ ಮರೆಯಾಗುತ್ತಿದ್ದಂತೆ ಅತ್ತೆ ಒಳಗೆ ಬಂದು, "ಪಿಯರ್ ಹಣ್ಣು ಎಷ್ಟು ಸಿಹಿ ಅಲ್ವಾ? ಅವಳ ಕೈಗುಣ," ಎಂದರು.

ಅಷ್ಟೇ ಸಾಕಾಯಿತು.

"ಹಣ್ಣು ಮಾಡಿದ್ದು ಮರ. ಅದಕ್ಕೂ ಅವಳ ಕೈಗುಣವಾ?" ಹ್ವಾಸುನ್ ಕೈಯಲ್ಲಿದ್ದ ಬಟ್ಟೆಯನ್ನು ತೊಟ್ಟಿಗೆ ಎಸೆದಳು. "ಎರಡಕ್ಷರ ಬರೆದುಕೊಟ್ಟಳು ಅಂತ ಅವಳು ನಿಮ್ಮನ್ನ ನೀವಾಗಿ ಮಾಡಿದ್ಲು. ನಾನು ದಿನಾ ಓದಿದ್ದು ಎಲ್ಲಿ ಹೋಯ್ತು ಅತ್ತೆ? ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಾ?"

ಅತ್ತೆ ಕೂತುಕೊಂಡರು. ಗುಟ್ಟು ಮೊದಲ ಬಾರಿಗೆ ಮನೆಯ ನಡುವೆ ಬಂದು ಬಿದ್ದಿತ್ತು.

"ನೀನು ಓದ್ತಿದ್ದೆ," ಎಂದರು ನಿಧಾನಕ್ಕೆ. "ಚೆನ್ನಾಗೇ ಓದ್ತಿದ್ದೆ. ಕೇಳೋ ಮುಂಚೇನೇ ಓದ್ತಿದ್ದೆ. ಅದಕ್ಕೇ ನನಗೆ ಕಲೀಬೇಕು ಅನ್ನಿಸ್ಲೇ ಇಲ್ಲ. ಹೆಸರು ಒಂದು ಕಲಿತಿದ್ದೆ, ನೀನು ಬಂದ್ಮೇಲೆ ಅಲ್ಲೇ ನಿಂತೋಯ್ತು."

"ಹಂಗಾದ್ರೆ ತಪ್ಪು ನಂದಾ?"

"ತಪ್ಪು ಅಂದ್ನಾ? ಪಲ್ಲಕ್ಕೀಲಿ ಕೂತೋಳಿಗೆ ದಾರಿ ಹೆಂಗೆ ಗೊತ್ತಾಗುತ್ತೆ ಹೇಳು."

"ಹೊತ್ತೋಳಿಗೆ ಹೆಗಲು ನೋಯುತ್ತೆ ಅತ್ತೆ. ಅದನ್ನೂ ಒಂದು ಸಾಲು ಬರೀಬಹುದಿತ್ತು."

ಬಾಗಿಲಲ್ಲಿ ನಿಂತಿದ್ದ ಬೋರಾಮ್ ಅಂದಳು, "ಅಮ್ಮಾ, ನಿಂಗೆ ಹೊಟ್ಟೆಕಿಚ್ಚು."

"ಹೌದು ಕಣೇ, ಹೊಟ್ಟೆಕಿಚ್ಚೇ! ನಿನ್ನ ಅರ್ಜೀಲೂ ನಾನಿಲ್ಲ, ಇವರ ಕತೇಲೂ ನಾನಿಲ್ಲ. ಇಬ್ಬರಿಗೂ ಅನ್ನ ಹಾಕಿದ್ದು ದೆವ್ವಾನಾ?"

ದೊಕ್ಸು ಟೀವಿಯ ಸದ್ದು ತಗ್ಗಿಸಿದ. ಹ್ವಾಸುನ್ ತೊಟ್ಟಿಯಿಂದ ಬಟ್ಟೆ ಎತ್ತಿ ಹಿಂಡಿ, ಉಳಿದ ಪಾತ್ರೆ ತೊಳೆದಳು. ಅಳಲಿಲ್ಲ. ಅತ್ತಿದ್ದರೆ ಯಾರಾದರೂ ಸಮಾಧಾನ ಮಾಡುತ್ತಿದ್ದರು, ಅದು ಅವಳಿಗೆ ಬೇಡವಾಗಿತ್ತು.

ಅಕ್ಷರ ದಿನಾಚರಣೆಯಂದು ವೃದ್ಧರ ಶಾಲೆಯ ಸಭಾಂಗಣದಲ್ಲಿ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಅಜ್ಜಿಯರೆಲ್ಲ ತುಟಿಗೆ ಬಣ್ಣ ಹಚ್ಚಿ, ಕೈಯಲ್ಲಿ ಕಾಗದ ಹಿಡಿದು, ಪರೀಕ್ಷೆಯ ಮಕ್ಕಳಂತೆ ತುಟಿ ಅಲ್ಲಾಡಿಸುತ್ತ ಮುಂದಿನ ಸಾಲಿನಲ್ಲಿದ್ದರು. ಹ್ವಾಸುನ್ ಬಾರದಿರಲು ಯೋಚಿಸಿದ್ದಳು. ಆದರೆ ಅತ್ತೆಯ ಹನ್ಬೊಕ್ ಉಡುಪಿನ ಗಂಟು ಬೇರೆ ಯಾರಿಗೂ ಸರಿಯಾಗಿ ಕಟ್ಟಲು ಬರುತ್ತಿರಲಿಲ್ಲ. ಕಟ್ಟಿಕೊಟ್ಟ ಮೇಲೆ ಜತೆಗೆ ಬರದೆ ಇರಲಾಗಲಿಲ್ಲ.

ಇನ್ಸಿಲ್ ಏದುಸಿರು ಬಿಡುತ್ತ ಬಂದು ಅವಳನ್ನು ಹೊರಗಿನ ಪಡಸಾಲೆಗೆ ಎಳೆದುಕೊಂಡು ಹೋದಳು. "ಏನು ವಿಷಯ ಹೇಳು. ಅತ್ತೆ ಏನು ಬರ್ದಿದಾರೆ? ನಾನ್ಯಾಕೆ ಬರಲೇಬೇಕಿತ್ತು?"

ಹ್ವಾಸುನ್ ಹೇಳಿದಳು. ಹಲ್ಲು ಕಚ್ಚಿಕೊಂಡೇ ಹೇಳಿದಳು. ಅಂಗಳ, ಮೆಣಸಿನಕಾಯಿ, ಚೀಲ, ಹೆಸರು.

ಇನ್ಸಿಲ್ ಮುಖ ಖಾಲಿಯಾಯಿತು. "ನಾನಾ? ಚೀಲದ ಮೇಲಾ? ಮಿಲ್ಲಲ್ಲಿ ಬೇರೆಯವರ ಮೂಟೆ ಜತೆ ಸೇರಿಹೋಗ್ಬಾರದು ಅಂತ ಬರೆದಿರ್ತೀನಿ ಕಣೇ. ನಂಗೆ ಏನೂ ನೆನಪಿಲ್ಲ. ಅತ್ತೆಗೆ ಓದೋಕೆ ಬರಲ್ಲ ಅನ್ನೋದೇ ಅವರು ಈ ಶಾಲೆಗೆ ಸೇರಿದ ಮೇಲೆ ಗೊತ್ತಾಗಿದ್ದು."

ಹ್ವಾಸುನ್‌ಗೆ ಎದೆಯೊಳಗೆ ಏನೋ ಸಿಹಿಯಾಗಿ ಜಾರಿತು. ಗೊತ್ತಿರಲಿಲ್ಲ! ಅವಳಿಗೆ ಏನೂ ಗೊತ್ತಿರಲಿಲ್ಲ. ಗುಟ್ಟು ತನ್ನದೇ ಆಗಿತ್ತು. ಆ ಕತೆಯೆಲ್ಲ ಒಂದು ಮೂಟೆಯ ಗುರುತು, ಅಷ್ಟೇ. ಇದನ್ನು ಅತ್ತೆ ಇವಳ ಬಾಯಿಂದಲೇ ಕೇಳಿದರೆ ಅವರ ಮುಖ ಹೇಗಾಗುತ್ತದೆ ಎಂದು ಅವಳು ಊಹಿಸಿಕೊಂಡಳು. ಒಂದು ಗಳಿಗೆ ಆ ಊಹೆಯಲ್ಲಿ ಸುಖವಾಗಿ ನಿಂತಿದ್ದಳು.

"ನಂಗೆ ಮುಜುಗರ ಆಗ್ತಿದೆ," ಎನ್ನುತ್ತಿದ್ದಳು ಇನ್ಸಿಲ್. "ಮಾಡದೇ ಇದ್ದಿದ್ದಕ್ಕೆ ಚಪ್ಪಾಳೆ ಹೆಂಗೆ ತಗೊಳ್ಲಿ? ಮೊದಲೇ ಹೋಗಿ ಹೇಳಿಬಿಡ್ತೀನಿ, ಅತ್ತೆ, ನಂಗೆ ನೆನಪಿಲ್ಲ ಅಂತ." ಅವಳು ತಿರುಗಿ ಬಾಗಿಲಿನ ಕಡೆ ನಡೆದೂ ಬಿಟ್ಟಳು.

ಗಾಜಿನ ಬಾಗಿಲಿನಾಚೆ ಅತ್ತೆ ಕಾಣುತ್ತಿದ್ದರು. ಪಕ್ಕದ ಮುದುಕಿಗೆ ಮನೆಯವರಿಗೆಂದು ಹಿಂದಿನ ಸಾಲಿನಲ್ಲಿ ಕಾದಿರಿಸಿದ್ದ ಕುರ್ಚಿಗಳನ್ನು ತೋರಿಸಿ ಏನೋ ಹೇಳುತ್ತಿದ್ದರು. ಬುಸಾನಿನ ಸೊಸೆ ಬಂದಿದ್ದಾಳೆ, ಅಲ್ಲಿ ಕೂರುತ್ತಾಳೆ ಎಂದಿರಬೇಕು. ಮುಖ ಹೂವಿನಂತಿತ್ತು.

ಹ್ವಾಸುನ್ ಓಡಿ ವಾರಗಿತ್ತಿಯ ಮುಂಗೈ ಹಿಡಿದಳು.

"ಬೇಡ ಅಕ್ಕ. ನೆನಪಿದೆ ಅನ್ನಿ."

"ಸುಳ್ಳು ಹೇಳ್ಲಾ?"

"ಹೇಳಿ. ಅವರಿಗೋಸ್ಕರ ನಾನು ಊರಿಗೆಲ್ಲ ಹೇಳಿದೀನಿ, ಬ್ಯಾಂಕಿಗೆ ಹೇಳಿದೀನಿ, ಓಟಿನವರಿಗೆ ಹೇಳಿದೀನಿ. ನೀವು ಒಂದೇ ಒಂದು ಸಲ ಹೇಳಿ."

ಇನ್ಸಿಲ್ ಅವಳನ್ನೇ ನೋಡಿದಳು. ಮೊದಲ ಸಲ ಗಂಟಲು ತಗ್ಗಿಸಿ ಮಾತಾಡಿದಳು. "ಒಂದು ವಿಷಯ ಗೊತ್ತಾ? ನಿನ್ನ ಕಂಡ್ರೆ ನಂಗೆ ಯಾವತ್ತೂ ಹೊಟ್ಟೆಕಿಚ್ಚು. ಅತ್ತೆ ನಿನ್ನ ಜತೆ ಜಗಳ ಆಡ್ತಾರೆ. ನನ್ನ ಜತೆ ಒಂದು ಸಲಾನೂ ಆಡಿಲ್ಲ. ನೆಂಟರಿಗೆ ಬಡಿಸೋ ಹಾಗೆ ಮೀನು ಬಿಡಿಸಿ ಹಾಕ್ತಾರೆ."

"ಮೀನಾದ್ರೂ ಸಿಗುತ್ತಲ್ಲ," ಎಂದಳು ಹ್ವಾಸುನ್. ಇಬ್ಬರೂ ಒಳಗೆ ಹೋದರು.

ಅತ್ತೆಯ ಸರದಿ ಬಂತು. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದರು. ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಹುಟ್ಟಿದಾಗ ಅಪ್ಪ ಹೆಣ್ಣು ಎಂದು ಮುಖ ತಿರುಗಿಸಿದ್ದು. ಮದುವೆಯಾದ ಮೇಲೆ ಏ, ಇವಳೇ, ಅವನ ತಾಯಿ ಎಂದು ಕರೆಸಿಕೊಂಡದ್ದು. ಒಂದು ದಿನ ಚೀಲದ ಮೇಲೆ ತಮ್ಮ ಹೆಸರು ಕಂಡದ್ದು. "ಮೆಣಸಿನಕಾಯಿ ಖಾರಕ್ಕೆ ಕಣ್ಣಲ್ಲಿ ನೀರು ಬಂತು ಎಂದು ಸೊಸೆಗೆ ಹೇಳಿದೆ," ಎಂದು ಓದಿ, ಮುಂದಿನ ಪದದಲ್ಲಿ ಸಿಕ್ಕಿಕೊಂಡರು. ಅತ್ತೆ ತಲೆ ಎತ್ತಿದರು. ಅಷ್ಟು ಜನರ ನಡುವೆ ಅವರ ಕಣ್ಣು ಹುಡುಕಿದ್ದು ಟೀಚರನ್ನಲ್ಲ, ಇನ್ಸಿಲ್‌ಳನ್ನಲ್ಲ. ನೇರವಾಗಿ ಹ್ವಾಸುನ್ ಮೇಲೆ ಬಂದು ನಿಂತಿತು.

ಹ್ವಾಸುನ್‌ಗೆ ಆ ಪದ ಊಹಿಸಲು ಕಷ್ಟವಿರಲಿಲ್ಲ. ಆಗಲೇ ಬಾಯಿ ತೆರೆದಿತ್ತು. ಮುಚ್ಚಿಕೊಂಡಳು. ಪಕ್ಕದಲ್ಲಿ ಬೋರಾಮ್ ಪಿಸುಗುಟ್ಟಲು ಹೊರಟಾಗ ಅವಳ ತೊಡೆಯ ಮೇಲೆ ಕೈಯಿಟ್ಟು ತಡೆದಳು. ಅತ್ತೆ ಕಾದರು. ಆಮೇಲೆ ಕಾಗದಕ್ಕೆ ತಿರುಗಿ ಬೆರಳಿಟ್ಟು, "ಸು, ಳ್ಳು," ಎಂದರು. "ಅದು ಸುಳ್ಳು."

ಚಪ್ಪಾಳೆ ಬಿತ್ತು. ಅತ್ತೆ ಇಳಿದು ಬಂದು ಇನ್ಸಿಲ್ ಕೈ ಹಿಡಿದು, "ನೆನಪಿದೆಯಾ?" ಎಂದು ಕೇಳಿದರು.

"ನೆನಪಿಲ್ಲದೆ ಏನು ಅತ್ತೆ," ಎಂದಳು ಇನ್ಸಿಲ್. "ನೀವು ಕಣ್ಣೊರೆಸ್ಕೊಂಡಿದ್ದೂ ನೆನಪಿದೆ."

ಹ್ವಾಸುನ್ ಹೇಳೆಂದು ಬೇಡಿದ್ದಕ್ಕಿಂತ ಇನ್ಸಿಲ್ ಒಂದು ಕೈ ಹೆಚ್ಚೇ ಹೇಳಿದ್ದಳು. ಅತ್ತೆ ಹಿಗ್ಗಿ ಹೀರೆಕಾಯಾದರು. ಹ್ವಾಸುನ್‌ಗೆ ಮತ್ತೆ ಹೊಟ್ಟೆ ಉರಿಯಿತು. ತಾನೇ ಕೈಯಾರೆ ಕೊಟ್ಟದ್ದು, ಆದರೂ ಉರಿಯಿತು.

ಬಂದರಿನ ಬಳಿಯ ಚಿಕ್ಕ ಹೋಟೆಲಿನಲ್ಲಿ ಇನ್ಸಿಲ್ ಎಲ್ಲರಿಗೂ ಊಟ ಕೊಡಿಸಿದಳು. ಅತ್ತೆ ಅವಳ ಪಕ್ಕದಲ್ಲೇ ಕೂತು ಹೋಟೆಲಿನ ಗೋಡೆಯ ಬೆಲೆಪಟ್ಟಿಯನ್ನು ಮೇಲಿಂದ ಕೆಳಗೆ ಗಟ್ಟಿಯಾಗಿ ಓದಿದರು. ಇನ್ಸಿಲ್ ಪ್ರತಿಯೊಂದಕ್ಕೂ "ಭಲೇ" ಎಂದಳು. ಹ್ವಾಸುನ್ ಎದುರಿಗೆ ಕೂತು ಸುಮ್ಮನೆ ತಿನ್ನುತ್ತಿದ್ದಳು. ಕೊನೆಗೆ ಚಮಚ ಕೆಳಗಿಟ್ಟಳು.

"ಅತ್ತೆ, ಮುಂದಿನ ಸಲ ನನ್ನ ಬಗ್ಗೆ ಬರೀರಿ."

ಆ ಮನೆಗೆ ಬಂದ ಮೇಲೆ ಅವಳು ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ದೊಕ್ಸು ಕೂಡ ತಲೆ ಎತ್ತಿ ನೋಡಿದ.

"ನಿನ್ನ ಬಗ್ಗೆ ಬರೆದ್ರೆ ಬೈದೇ ಬರೀಬೇಕಾಗುತ್ತೆ," ಎಂದರು ಅತ್ತೆ. "ಮುಖದ ಮೇಲೆ ಮಾತ್ರೆ ಎಸೆದಿದ್ದೀಯ. ಒಂದು ವಾರ ಉಪ್ಪುಪ್ಪು ಕಿಮ್ಚಿ ತಿನ್ನಿಸಿದ್ದೀಯ. ಒಂದಾ ಎರಡಾ? ಪುಸ್ತಕಾನೇ ಆಗುತ್ತೆ."

"ಮುಖದ ಮೇಲಲ್ಲ, ಮೇಜಿನ ಮೇಲೆ."

"ನನ್ನ ಕತೆ, ನಾನು ಬರೆದಿದ್ದೇ ಸರಿ."

"ಆಯ್ತು, ಬೈದೇ ಬರೀರಿ," ಎಂದಳು ಹ್ವಾಸುನ್. "ಆದ್ರೆ ಉದ್ದವಾಗಿ ಬರೀರಿ. ಅಕ್ಕನದಕ್ಕಿಂತ ಉದ್ದ ಇರಬೇಕು."